ತಿಳಿಸಲಾಗಿದೆ, ಅರ್ಥವಾಗಿದೆ

೯ ಜೂನ್, ಸೋಮವಾರ
ಬೆಳಗಿನ ಹನ್ನೊಂದು ಗಂಟೆ

ಪ್ರೀತಿಯ ಸೂಜಿ,

ನಿನ್ನ ಎರಡು ಕಾಗದ ಬಂದು ಕಿಟಕಿಕಟ್ಟೆಯ ಮೇಲೆ ಕೂತಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಬೈದುಕೊಂಡಿರುತ್ತೀಯ, ಇನ್ನೊಂದಿಷ್ಟು ಬೈದುಕೋ, ನನಗೆ ಸಲ್ಲಬೇಕಾದದ್ದೇ. ಫೋನ್ ಮಾಡೋಣವೆಂದರೆ ನಿನ್ನ ಕಿವಿ ಸರ್ಕಾರದ ಕಿವಿಯಾಗಿ ಹೋಗಿದೆ, ನಾವು ಅರ್ಜಿ ಹಾಕುತ್ತಲೇ ಇರಬೇಕು. ಅಲ್ಲದೆ ಇದು ಕೂಗಿ ಹೇಳುವ ವಿಷಯವಲ್ಲ. ಜೀವಮಾನವಿಡೀ ಕೂಗಿಯೇ ಬದುಕಿದ ನಿನ್ನ ಮೈಕು ಹೀಗೆ ಹೇಳುತ್ತಿದ್ದಾಳೆ ಅಂದರೆ ಕನ್ನಡಕ ಒರೆಸಿಕೊಂಡು ಓದು.

ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ಹತ್ತುತ್ತೀಯ, ಗೊತ್ತು. ಕ್ಷೇಮ ಸಮಾಚಾರದ ನನ್ನ ಪಾಲಿನ ಸಾಲನ್ನು ಮಾತ್ರ ಬಿಟ್ಟಿದ್ದೇನೆ. ಪೆನ್ನು ಒಪ್ಪುತ್ತಿಲ್ಲ.

ಅಕ್ಕ ಬದುಕಿದ್ದಾಳೆ. ತುತ್ತು ಕೊಟ್ಟರೆ ನುಂಗುತ್ತಾಳೆ, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಹಾಕುತ್ತಾಳೆ. ಅವಳ ನಾಲಗೆ ನಿನಗೆ ಗೊತ್ತಲ್ಲ. ಐವತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತವಳು, ಕತ್ತರಿಗಿಂತ ಬಾಯಿ ಹರಿತ. ನಮ್ಮ ನರ್ಸುಗಳ ಸಂಘದ ಸಭೆ ಮುಗಿಸಿ ಮನೆಗೆ ಬಂದರೆ, "ಏನೇ, ಊರಿಗೆಲ್ಲ ನ್ಯಾಯ ಹಂಚಿ ಬಂದ್ಯಾ? ಮನೆಗೆ ಸೋಪು ತಂದ್ಯಾ?" ಅನ್ನುತ್ತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಬೇರೆಯವರ ಬಟ್ಟೆ ಹೊಲಿದು ನನ್ನನ್ನು ನರ್ಸಿಂಗ್ ಓದಿಸಿದವಳು. ನನ್ನನ್ನು "ಏನೇ", "ಬಾರೇ" ಬಿಟ್ಟು ಬೇರೆ ರೀತಿ ಕರೆದವಳೇ ಅಲ್ಲ. ಈಗ ಬೆಳಗ್ಗೆ ಎದ್ದು ನನ್ನ ಮುಖ ನೋಡಿ, "ನೀವು ತಿಂಡಿ ತಿಂದ್ರಾ?" ಅನ್ನುತ್ತಾಳೆ. ನಿನ್ನೆ ತಲೆ ಬಾಚುತ್ತಿದ್ದಾಗ ಕೈ ಮುಟ್ಟಿ, "ನಿಮ್ಮ ಮನೇಲಿ ಯಾರ್ಯಾರಿದಾರೆ ಪಾಪ?" ಅಂದಳು. ನಾನು "ಒಬ್ಬಳು ಅಕ್ಕ ಇದಾಳೆ" ಅಂದೆ. "ಒಳ್ಳೇದಾಯ್ತು, ಒಂಟಿಯಾಗಿರಬಾರದು" ಅಂದಳು. ಸೂಜಿ, ಮರ್ಯಾದೆ ಇಷ್ಟು ಹೊಡೆಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಹೇಗಾಯಿತು ಅಂತ ಕ್ರಮವಾಗಿ ಹೇಳುತ್ತೇನೆ. ಕ್ರಮವಾಗಿ ಹೇಳುವುದಕ್ಕೇ ಹೇಸಿಗೆಯಾಗುತ್ತದೆ.

ಏಪ್ರಿಲ್ ಕೊನೆಯಲ್ಲಿ ಅವಳಿಗೆ ಉಸಿರಾಟ ಕಷ್ಟವಾಯಿತು. ಶ್ವಾಸಕೋಶದಲ್ಲಿ ಸೋಂಕು. ನಾವಿಬ್ಬರೂ ದುಡಿದ ಅದೇ ಆಸ್ಪತ್ರೆಗೆ ಸೇರಿಸಿದೆ. ನೀನು ಈಗ ನೋಡಿದರೆ ಗುರುತು ಹಿಡಿಯಲಾರೆ. ಬಾಗಿಲಲ್ಲಿ ಗಾಜು, ಒಳಗೆ ಗಿಡದ ಕುಂಡ, ಕುಂಡದಲ್ಲಿ ಪ್ಲಾಸ್ಟಿಕ್ಕಿನ ಗಿಡ. ನಾವು ಮುಷ್ಕರ ಕೂತಿದ್ದ ಮೆಟ್ಟಿಲ ಮೇಲೆ ಕಾಫಿ ಅಂಗಡಿ. ಮೂರನೇ ಮಹಡಿಯ ಹೆಂಗಸರ ವಾರ್ಡು ಮಾತ್ರ ಹಾಗೇ ಇದೆ, ಮೂವತ್ತೆರಡು ಹಾಸಿಗೆಗೆ ಇಬ್ಬರು ನರ್ಸು. ಇಬ್ಬರೂ ಗುತ್ತಿಗೆ. ಆ ನೆಲ ಒರೆಸುವ ಔಷಧಿಯ ವಾಸನೆಯೂ ಅದೇ, ಉಚ್ಚೆಯ ವಾಸನೆಯನ್ನು ಮುಚ್ಚಲು ಹೋಗಿ ಅದರ ಜೊತೆ ಸಂಸಾರ ಹೂಡಿರುವ ವಾಸನೆ.

ಎದೆಯ ಡಾಕ್ಟರು ಬಂದು ಉಸಿರಿಗೆ ಅಂತ ಸ್ಟೀರಾಯ್ಡ್ ಬರೆದರು. ಅದರಿಂದ ಅಕ್ಕನ ಸಕ್ಕರೆ ಏರಿತು. ಸಕ್ಕರೆಯ ಡಾಕ್ಟರು ಬಂದು ಇನ್ಸುಲಿನ್ ಏರಿಸಿದರು. ಮನೆಯಲ್ಲಿ ಬೆಳಗ್ಗೆ ಹತ್ತು, ಸಂಜೆ ಆರು ಯೂನಿಟ್ ಇದ್ದದ್ದು, ಅಲ್ಲಿ ಇಪ್ಪತ್ತನಾಲ್ಕು ಮತ್ತು ಹದಿನಾರು ಆಯಿತು. ಅದು ತಪ್ಪಲ್ಲ. ತಪ್ಪು ಏನು ಅಂದರೆ ಆ ಇಬ್ಬರೂ ಒಂದೇ ಹಾಸಿಗೆಯ ಮುಂದೆ ಒಂದು ದಿನವೂ ಒಟ್ಟಿಗೆ ನಿಲ್ಲಲಿಲ್ಲ. ಒಬ್ಬರದು ನೀಲಿ ಹಾಳೆ, ಇನ್ನೊಬ್ಬರದು ಬಿಳಿ ಹಾಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅಲ್ಲಿ ಕನಿಷ್ಠ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿರುತ್ತಾರೆ.

ಮೇ ಹತ್ತು, ಶನಿವಾರ, ಮಧ್ಯಾಹ್ನ ಎರಡು ಗಂಟೆ. ಶಿಫ್ಟ್ ಬದಲಾಗುವ ಹೊತ್ತು, ನಿನಗೆ ಹೇಳಬೇಕಾಗಿಲ್ಲ. ಅವತ್ತು ಆ ವಾರ್ಡಿನಿಂದ ಏಳು ಜನರನ್ನು ಮನೆಗೆ ಕಳಿಸಿದರು. ಏಳಕ್ಕೆ ಏಳೂ ಮುದುಕಿಯರು. ಕೆಳಗೆ ತುರ್ತು ವಿಭಾಗದಲ್ಲಿ ಸ್ಟ್ರೆಚರುಗಳು ಸಾಲುಗಟ್ಟಿದ್ದವು, ಹಾಸಿಗೆ ಬೇಕಿತ್ತು. ಒಬ್ಬ ಮೇಲ್ವಿಚಾರಕ ಪಟ್ಟಿ ಹಿಡಿದುಕೊಂಡು ಬಂದು, "ಇನ್ನೂ ಹನ್ನೊಂದು ಖಾಲಿ ಆಗಿಲ್ವಾ?" ಅಂತ ಕೇಳಿದ. ಹನ್ನೊಂದು ಅಂದರೆ ಅಕ್ಕ. ಅಕ್ಕ ಅಲ್ಲೇ ಗಾಲಿಕುರ್ಚಿಯಲ್ಲಿ ಕೂತಿದ್ದಳು. "ಖಾಲಿ ಆಗಿದೀನಪ್ಪ, ಒಳಗೆ ಬರೀ ಗಾಳಿ" ಅಂದಳು. ಅವನಿಗೆ ಕೇಳಿಸಲಿಲ್ಲ. ಹದಿಮೂರು ದಿನ ಆ ವಾರ್ಡಿನಲ್ಲಿ ಯಾರೂ ಅವಳಿಗೆ ಅವಳ ಕಾಯಿಲೆಯ ಬಗ್ಗೆ ಒಂದು ಮಾತು ಹೇಳಲಿಲ್ಲ. ಎಲ್ಲವನ್ನೂ ಅವಳ ತಲೆಯ ಮೇಲಿಂದ ನನಗೆ ಹೇಳುತ್ತಿದ್ದರು. ಎಪ್ಪತ್ತೆಂಟು ವರ್ಷವಾದರೆ ಮನುಷ್ಯ ಸಾಮಾನಾಗುತ್ತಾನೆ, ಸಾಮಾನಿನ ಜೊತೆ ಯಾರು ಮಾತಾಡುತ್ತಾರೆ?

ಡಿಸ್ಚಾರ್ಜ್ ಹಾಳೆ ಬರೆದವನು ಕಲಿಯಲು ಬಂದ ಡಾಕ್ಟರು. ಅವನು ಅಕ್ಕನನ್ನು ನೋಡಿಯೇ ಇಲ್ಲ, ಫೈಲು ನೋಡಿ ಬರೆದ. ಹಾಳೆಯಲ್ಲಿ ಹೀಗಿದೆ: ಸ್ಟೀರಾಯ್ಡ್ ಮಾತ್ರೆ ಐದು ದಿನ. ಇನ್ಸುಲಿನ್ ೨೪, ೧೬. ಅಷ್ಟೇ. ಮಾತ್ರೆ ನಿಂತ ಮೇಲೆ ಇನ್ಸುಲಿನ್ ಇಳಿಸಬೇಕು ಅನ್ನುವ ಒಂದು ಸಾಲು ಇಲ್ಲ. ಕೊನೆಯಲ್ಲಿ ಅಚ್ಚು ಹಾಕಿಸಿದ ವಾಕ್ಯ: "ರೋಗಿ / ಸಂಬಂಧಿಕರಿಗೆ ಎಲ್ಲವನ್ನೂ ತಿಳಿಸಲಾಗಿದೆ, ಅವರಿಗೆ ಅರ್ಥವಾಗಿದೆ." ಅದರ ಕೆಳಗೆ ನರ್ಸಿನ ಸಹಿ, ಸಂಬಂಧಿಕರ ಸಹಿ. ನನ್ನದೂ ಇದೆ. ಗಾಲಿಕುರ್ಚಿ ತಳ್ಳುವವನು ತಲೆಯ ಮೇಲೆ ನಿಂತಿರುವಾಗ ಯಾರು ಓದಿ ಸಹಿ ಹಾಕುತ್ತಾರೆ, ನೀನೇ ಹೇಳು. ನನಗೆ ಯಾರೂ ಏನೂ ಹೇಳಲಿಲ್ಲ.

ನೀನು ಈಗ ಹುಬ್ಬು ಗಂಟಿಕ್ಕುತ್ತೀಯ. ನಿನಗೇ ಗೊತ್ತಿರಬೇಕಿತ್ತಲ್ಲವೇ ಅನ್ನುತ್ತೀಯ. ಇಪ್ಪತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ನಿಂತವಳು ನಾನು. ಮಗು ಅಡ್ಡ ಬಂದರೆ ನನ್ನನ್ನು ಕೇಳು. ಮುದುಕರ ಎದೆ, ಮುದುಕರ ಸಕ್ಕರೆ ನನ್ನ ವಿದ್ಯೆಯಲ್ಲ. ಹಾಳೆಯಲ್ಲಿ ಇಪ್ಪತ್ತನಾಲ್ಕು ಅಂತ ಇತ್ತು, ಇಪ್ಪತ್ತನಾಲ್ಕು ಚುಚ್ಚಿದೆ.

ಭಾನುವಾರದಿಂದ ಗುರುವಾರದವರೆಗೆ ಎಲ್ಲ ಚೆನ್ನಾಗಿತ್ತು. ಬುಧವಾರ ಸಕ್ಕರೆ ನೋಡಿದೆ, ಇನ್ನೂರಮೂವತ್ತು. ಇನ್ಸುಲಿನ್ ಸಾಲದೇನೋ ಅಂದುಕೊಂಡೆ. ಗುರುವಾರ ಮಾತ್ರೆ ಮುಗಿಯಿತು. ಶುಕ್ರವಾರ, ಮತ್ತೆ ತೋರಿಸಲು ಯಾವತ್ತು ಕರೆದುಕೊಂಡು ಬರಬೇಕು ಅಂತ ಕೇಳಲು ಹಾಳೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಆರು ಸಲ. ರಿಂಗಾಗುತ್ತದೆ, ಎತ್ತುವವರಿಲ್ಲ. ಅವತ್ತು ಸಂಜೆಯೂ ಹದಿನಾರು ಯೂನಿಟ್ ಕೊಟ್ಟೆ. ಅಕ್ಕ ಊಟ ಅರ್ಧ ಬಿಟ್ಟಳು. "ಯಾಕೋ ಸುಸ್ತು ಕಣೇ" ಅಂದಳು. ಮಲಗು, ಸರಿಹೋಗುತ್ತೆ ಅಂದೆ.

ಶನಿವಾರ ಬೆಳಗ್ಗೆ ಆರೂವರೆಗೆ ಕಾಫಿ ತಂದರೆ ಅವಳು ಏಳಲಿಲ್ಲ. ದಿಂಬು ಬೆವರಿನಿಂದ ಒದ್ದೆ, ಮೈ ತಣ್ಣಗೆ, ಕಣ್ಣು ಅರ್ಧ ತೆರೆದಿತ್ತು. ಬೆರಳು ಚುಚ್ಚಿ ನೋಡಿದೆ, ಇಪ್ಪತ್ತೆಂಟು. ವಸಡಿಗೆ ಸಕ್ಕರೆ ಉಜ್ಜಿದೆ, ಆಂಬುಲೆನ್ಸ್ ಕರೆದೆ. ಎಷ್ಟು ಹೊತ್ತಿನಿಂದ ಹಾಗಿದ್ದಳೋ. ಪಕ್ಕದ ಮಂಚದಲ್ಲೇ ನಾನು ಮಲಗಿದ್ದೆ, ಸೂಜಿ. ಹನ್ನೆರಡು ದಿನ ಮತ್ತೆ ಆಸ್ಪತ್ರೆ. ಮಿದುಳಿಗೆ ಸಕ್ಕರೆ ಸಿಗದೆ ಪೆಟ್ಟಾಗಿದೆ, ಹೋದದ್ದು ಬರುವುದಿಲ್ಲ ಅಂದರು. ಇದನ್ನು ಮಾತ್ರ ಬಹಳ ಸ್ಪಷ್ಟವಾಗಿ, ಕೂರಿಸಿ, ನೀರು ಕೊಟ್ಟು ತಿಳಿಸಿದರು.

(ಇಲ್ಲಿಗೆ ನಿಲ್ಲಿಸಿದ್ದೆ. ಅಕ್ಕನಿಗೆ ಸ್ನಾನ ಮಾಡಿಸಿ ಬಂದೆ. ಈಗ ಮಧ್ಯಾಹ್ನ ಮೂರು.)

ಆಮೇಲೆ ಹಳೆಯ ಮೈಕು ಎದ್ದಳು. ಮೊದಲು ಆ ಫೋನ್ ಎಲ್ಲಿದೆ ನೋಡೋಣ ಅಂತ ಹೋದೆ. ಹುಡುಕಿ ಹುಡುಕಿ ಕೊನೆಗೆ ನೆಲಮಾಳಿಗೆಯಲ್ಲಿ, ಹಳೇ ಫೈಲು ಇಡುವ ಕೋಣೆಯಲ್ಲಿ ಸಿಕ್ಕಿತು. ಮೇಜಿನ ಕೆಳಗೆ, ನೆಲದ ಮೇಲೆ. ಗಂಟೆಯ ಸದ್ದು ಅಡಗಲಿ ಅಂತ ಮೇಲೆ ಒಂದು ಟವೆಲ್ ಹೊದಿಸಿದ್ದರು. ಅಲ್ಲಿದ್ದ ಗುಮಾಸ್ತ, "ದಿನಾ ನೂರು ಸಲ ಬಡ್ಕೊಳ್ಳುತ್ತೆ ಮೇಡಂ, ತಲೆನೋವು. ನಂದು ಫೈಲು ಕೆಲಸ, ಫೋನು ನಂದಲ್ಲ" ಅಂದ. "ಯಾರದು?" ಅಂದೆ. "ಯಾರದೂ ಅಲ್ಲ" ಅಂದ. ಪಾಪ, ಅವನು ನಿಜ ಹೇಳಿದ. ಆ ಇಡೀ ಕಟ್ಟಡದಲ್ಲಿ ನನಗೆ ನಿಜ ಹೇಳಿದವನು ಅವನೊಬ್ಬನೇ. ನಾನು ನಿಂತಿದ್ದಾಗಲೇ ಟವೆಲ್ಲಿನ ಕೆಳಗೆ ಗಂಟೆ ಬಾರಿಸಿತು. ಇಬ್ಬರೂ ನೋಡುತ್ತಾ ನಿಂತೆವು. ಯಾರ ಮನೆಯ ಮುದುಕನೋ, ಯಾವ ಮಾತ್ರೆಯೋ. ನಾನೇ ಬಗ್ಗಿ ಎತ್ತುವಷ್ಟರಲ್ಲಿ ಕಟ್ಟಾಯಿತು.

ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರಿಗೆ ಹಾಳೆಯ ಪ್ರತಿ ಕಳಿಸಿದ್ದೇವೆ ಅಂತ ಬರೆದಿತ್ತು. ಹೋಗಿ ಕೇಳಿದೆ. "ನಂಗೇನೂ ಬಂದಿಲ್ಲಮ್ಮ. ನಿಮ್ಮಕ್ಕ ಆಸ್ಪತ್ರೆಗೆ ಸೇರಿದ್ದೇ ನೀವು ಹೇಳಿದ ಮೇಲೆ ಗೊತ್ತಾಗ್ತಿರೋದು" ಅಂದರು. ಕಳಿಸಿದ್ದು ನಿಜ, ಆದರೆ ತೀರಿಕೊಂಡು ನಾಲ್ಕು ವರ್ಷವಾದ ಹಳೆಯ ಡಾಕ್ಟರ ವಿಳಾಸಕ್ಕೆ. ಸತ್ತವರಿಗೆ ತಿಳಿಸಲಾಗಿದೆ, ಅವರಿಗೆ ಅರ್ಥವಾಗಿದೆ.

ನಾಲ್ಕು ಪುಟ ದೂರು ಬರೆದೆ. ಕರೆಸಿದರು. ಈಗ ಅಲ್ಲಿ ರೋಗಿಗಳ ಅನುಭವ ವಿಭಾಗ ಅಂತ ಒಂದಿದೆ. ಮೆತ್ತನೆಯ ಸೋಫಾ, ಗೋಡೆಯ ಮೇಲೆ ಒಬ್ಬ ಮುದುಕಿ ನಗುತ್ತಿರುವ ಚಿತ್ರ, ಹಲ್ಲೆಲ್ಲ ನೆಟ್ಟಗಿವೆ. ಅಲ್ಲಿಯ ಅಧಿಕಾರಿಗೆ ಮೂವತ್ತು ವರ್ಷವಿರಬಹುದು, ತುಪ್ಪದಲ್ಲಿ ಅದ್ದಿದ ದನಿ.

"ನಿಮ್ಮ ನೋವು ನಮಗೆ ಅರ್ಥ ಆಗುತ್ತೆ ಮೇಡಂ. ಎಲ್ಲೋ ಒಂದು ಕಡೆ ಸಂವಹನದಲ್ಲಿ ಅಂತರ ಆಗಿದೆ."

"ಅಂತರ ಅಲ್ಲ ಕಣಪ್ಪ, ಅದು ಹಳ್ಳ" ಅಂದೆ. "ನಮ್ಮಕ್ಕ ಅದರಲ್ಲಿ ಬಿದ್ದಿದಾಳೆ. ನೀನು ದಡದ ಮೇಲೆ ನಿಂತು ಅಳತೆ ತಗೋತಿದೀಯ."

ಅವನು ನಕ್ಕ. ನಗಬಾರದು ಅಂತ ಗೊತ್ತಾಗಿ ಮುಖ ಸಣ್ಣ ಮಾಡಿಕೊಂಡ. ಹೊರಡುವಾಗ ಒಂದು ಚೀಟಿ ಕೊಟ್ಟ. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ, ಇವತ್ತಿನ ಭೇಟಿ ಹೇಗಿತ್ತು ಗುರುತು ಹಾಕಿ ಅಂತ. ಮೂರು ಮುಖದಲ್ಲಿ ಉಗಿಯುವ ಮುಖ ಒಂದೂ ಇರಲಿಲ್ಲ.

ಒಂದೇ ವಾರದಲ್ಲಿ ವಿಚಾರಣೆ ಮುಗಿಸಿದ್ದಾರೆ. ಯಾವ ಕೆಲಸದಲ್ಲೂ ಇಷ್ಟು ಚುರುಕು ಕಾಣೆ. ಎದೆಯ ಡಾಕ್ಟರದು ತಪ್ಪಿಲ್ಲ, ಅವರು ಬರೆದದ್ದು ಸರಿ. ಸಕ್ಕರೆಯ ಡಾಕ್ಟರದು ತಪ್ಪಿಲ್ಲ, ಅವರು ರೌಂಡ್ಸಿನಲ್ಲಿ ನರ್ಸಿಗೆ ಬಾಯಿಮಾತಿನಲ್ಲಿ ಹೇಳಿದ್ದರಂತೆ. ಕಲಿಯುವವನದು ತಪ್ಪಿಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ. ಫೋನಿನದು ತಾಂತ್ರಿಕ ಕಾರಣ. ಉಳಿದವಳು ಯಾರು ಹೇಳು? ಅವತ್ತು ಸಹಿ ಹಾಕಿದ ನರ್ಸ್. ಇಪ್ಪತ್ಮೂರು ವರ್ಷದ ಗುತ್ತಿಗೆಯ ಹುಡುಗಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅದಕ್ಕೆ ಒಂದು ಕಪ್ಪೆಯನ್ನು ಹಿಡಿದಿದ್ದಾರೆ. ಬರುವ ವಾರ, ಹತ್ತೊಂಬತ್ತನೇ ತಾರೀಖು ಗುರುವಾರ ನಾನು ಸಮಿತಿಯ ಮುಂದೆ ಹೋಗಿ, ನನ್ನ ದೂರಿನಲ್ಲಿರುವಂತೆ "ಡಿಸ್ಚಾರ್ಜ್ ಮಾಡಿದ ನರ್ಸ್ ಏನನ್ನೂ ತಿಳಿಸಲಿಲ್ಲ" ಅಂತ ಹೇಳಿ ಸಹಿ ಹಾಕಿದರೆ ಅವಳ ಕೆಲಸ ಹೋಗುತ್ತದೆ. ಬರೀ ಕೆಲಸವಲ್ಲ, ಇನ್ನೆಲ್ಲೂ ಸೇರಿಸಿಕೊಳ್ಳದ ಹಾಗೆ ಹಾಳೆ ಬರೆದು ಕಳಿಸುತ್ತಾರೆ.

ಹೋದ ವಾರ ವಾರ್ಡಿಗೆ ಹೋಗಿ ಅವಳನ್ನು ನೋಡಿದೆ. ಬೈಯಲೆಂದೇ ಹೋಗಿದ್ದೆ. ಶಿಫ್ಟ್ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ದಾಟಿಸುವ ನೋಟ್‌ಬುಕ್ ಇರುತ್ತದಲ್ಲ, ಅದನ್ನು ತೆರೆದು ನನ್ನ ಮುಂದಿಟ್ಟಳು. ಮೇ ಹತ್ತು. "೧೧: ಮಾತ್ರೆ ಮುಗಿದ ಮರುದಿನದಿಂದ ಇನ್ಸುಲಿನ್ ಹಳೇ ಪ್ರಮಾಣಕ್ಕೆ, ೧೦ ಮತ್ತು ೬. ಮನೆಯವರಿಗೆ ಹೇಳಬೇಕು." ದುಂಡಗಿನ ಅಕ್ಷರ. ಕೆಳಗೆ ಎರಡು ಗೆರೆ. ಹೇಳಬೇಕು ಅಂತ ಇತ್ತು, ಹೇಳಲಾಯಿತು ಅಂತ ಇರಲಿಲ್ಲ. ನನ್ನ ಅಕ್ಕನ ಬುದ್ಧಿ, ಸಿಟ್ಟು, ಕುಹಕ, ನನ್ನನ್ನು ಏನೇ ಅನ್ನುವ ಹಕ್ಕು, ಎಲ್ಲ ಆ ನೋಟ್‌ಬುಕ್ಕಿನಲ್ಲಿ ಒಂದೂವರೆ ಸಾಲಾಗಿ ಬಿದ್ದಿತ್ತು. ಗೊತ್ತಿದ್ದ ವಿಷಯ, ಬರೆದಿಟ್ಟ ವಿಷಯ. ಮೂರನೇ ಮಹಡಿಯಿಂದ ನಮ್ಮ ಮನೆಗೆ ಎರಡೇ ಮೈಲಿ. ಅಷ್ಟು ದೂರ ಬರಲಾಗಲಿಲ್ಲ.

ನಾವು ಏನೆಲ್ಲ ಕೇಳಿದೆವು ಸೂಜಿ, ಆ ಮೆಟ್ಟಿಲ ಮೇಲೆ ಕೂತು. ಸಂಬಳ ಕೇಳಿದೆವು, ರಜೆ ಕೇಳಿದೆವು, ಬಟ್ಟೆ ಬದಲಿಸಲು ಕೋಣೆ ಕೇಳಿದೆವು. ಎಲ್ಲ ಸರಿಯೇ, ಒಂದನ್ನೂ ವಾಪಸ್ ಕೊಡಬೇಕಿಲ್ಲ. ಆದರೆ ಬಾಗಿಲು ದಾಟಿ ಹೋದ ರೋಗಿಯ ಹಿಂದೆ ಒಬ್ಬಳು ನರ್ಸ್ ಹೋಗಬೇಕು, ಮೂರನೇ ದಿನ ಬಾಗಿಲು ತಟ್ಟಿ ಹೇಗಿದ್ದೀರಿ ಅನ್ನಬೇಕು ಅಂತ ಒಂದು ಘೋಷಣೆ ನಾವು ಕೂಗಲಿಲ್ಲ. ಬಾಗಿಲು ದಾಟಿದರೆ ನಮ್ಮ ಕಣ್ಣಿಗೂ ಅವರು ಖಾಲಿ ಹಾಸಿಗೆಯೇ ಆಗಿದ್ದರು.

ಈ ದೇಶದಲ್ಲಿ ಮುದುಕರನ್ನು ಬಿಟ್ಟುಬಿಡುವುದಕ್ಕೆ ಕಾಡಿಗೆ ಒಯ್ಯಬೇಕಿಲ್ಲ. ಹಾಳೆಗೆ ಸಹಿ ಹಾಕಿಸಿ ಲಿಫ್ಟಿನಲ್ಲಿ ಕೆಳಗೆ ಇಳಿಸಿದರೆ ಸಾಕು.

ನಿನ್ನ ಮೊಮ್ಮಗಳಿಗೆ ಮಗುವಾಗುವ ಸುದ್ದಿ ಓದಿ ಖುಷಿಯಾಯಿತು. ಸುಖವಾಗಿ ಹೆರಲಿ, ಕೂಸು ಬಾಯಿಬಡುಕಿಯಾಗಲಿ, ಯಾರಿಗೂ ಹೆದರದೆ ಬೆಳೆಯಲಿ. ನಿನ್ನ ಕೈಕಾಲು ಗಟ್ಟಿಯಾಗಿರಲಿ. ಮಾತ್ರೆ ತೆಗೆದುಕೊಳ್ಳುವ ಮುಂಚೆ ಯಾಕೆ ಅಂತ ಕೇಳು, ಕೇಳಿಸದಿದ್ದರೆ ಬರೆದು ಕೊಡಿ ಅನ್ನು. ಹತ್ತೊಂಬತ್ತರ ಗುರುವಾರಕ್ಕೆ ಮುಂಚೆ ನೀನು ಇಲ್ಲಿಗೆ ಬರಬೇಕು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರು, ಮಂಡಿ ಚಾಚಲು ಜಾಗವಿರುತ್ತದೆ.

ಇಂತಿ ನಿನ್ನ
ಮೈಕು

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಅದೇ ಸುಳ್ಳು ದೂರಿನಲ್ಲೂ ಇದೆ.

ಆ ಹುಡುಗಿ ಹೇಳಲು ಬಂದಿದ್ದಳು. ಶಿಫ್ಟ್ ಮುಗಿದಿದ್ದರೂ ಹೋಗದೆ, ನೋಟ್‌ಬುಕ್ ಹಿಡಿದುಕೊಂಡು ವಾರ್ಡಿನ ಬಾಗಿಲಿನವರೆಗೆ ನಮ್ಮ ಹಿಂದೆ ಬಂದಳು. "ಒಂದು ನಿಮಿಷ ಮೇಡಂ, ಇನ್ಸುಲಿನ್ ವಿಷ್ಯ ಸ್ವಲ್ಪ ಹೇಳ್ಬೇಕಿತ್ತು" ಅಂದಳು. ವಾರ್ಡೆಲ್ಲ ನೋಡುತ್ತಿತ್ತು. ನನಗೆ ಎಲ್ಲಿತ್ತೋ ಸೊಕ್ಕು. "ಮಗಳೇ, ನೀನು ಹುಟ್ಟಿದ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ನಿಂತವಳು ನಾನು. ನಿನ್ನ ಹೊಕ್ಕುಳ ಬಳ್ಳಿ ಕತ್ತರಿಸಿದವಳೂ ನಾನೇ ಇರಬೇಕು. ನನಗೆ ಇನ್ಸುಲಿನ್ ಪಾಠ ಹೇಳ್ತೀಯಾ? ಎಲ್ಲಿ ಸಹಿ ಹಾಕ್ಬೇಕು ತೋರ್ಸು" ಅಂದೆ. ನನ್ನ ಗಂಟಲು ನಿನಗೆ ಗೊತ್ತಲ್ಲ. ಹಾಸಿಗೆಯಲ್ಲಿದ್ದವರೂ ನಕ್ಕರು. ಅವಳೂ ನಕ್ಕಳು, ಕಿವಿಯವರೆಗೆ ಕೆಂಪಾಗಿ ಪೆನ್ನು ಕೊಟ್ಟಳು. ನನಗೆ ಗೊತ್ತಿರಲಿಲ್ಲ ಸೂಜಿ. ಗೊತ್ತಿಲ್ಲ ಅನ್ನುವುದು ಅಷ್ಟು ಜನರ ಮುಂದೆ ಗೊತ್ತಾಗುವುದು ಬೇಡವಾಗಿತ್ತು.

ಅಕ್ಕ ಗಾಲಿಕುರ್ಚಿಯಲ್ಲಿ ತಿರುಗಿ ನೋಡಿ, "ಆ ಹುಡುಗಿ ಏನೋ ಹೇಳ್ತಿದಾಳೆ, ಕೇಳಿಸ್ಕೊಳ್ಳೇ" ಅಂದಳು. ನಾನು, "ನೀನು ಸುಮ್ನಿರು, ನಿನಗೇನು ಗೊತ್ತಾಗುತ್ತೆ" ಅಂದೆ.

ವಿಚಾರಣೆಯಲ್ಲಿ ಆ ಹುಡುಗಿ ಇದನ್ನು ಹೇಳಿಲ್ಲ. ಹೇಳಲು ಸಮಯ ಸಿಗಲಿಲ್ಲ ಅಂತ ಬರೆದುಕೊಟ್ಟಿದ್ದಾಳೆ. ಯಾಕೆ ಅಂತ ಕೇಳಿದೆ. "ನಮಗೆ ವಾರದ ರಜೆ ಕೊಡಿಸಿದ್ದು ನೀವೇ ಅಂತೆ ಮೇಡಂ" ಅಂದಳು. ಉಗಿದಿದ್ದರೆ ಚೆನ್ನಾಗಿತ್ತು.

ಈಗ ನಾನು ನಿಜ ಹೇಳಿದರೆ ಸೋಫಾದ ಮೇಲಿನವನು ಹಾಲು ಕುಡಿದಷ್ಟು ಸಂತೋಷಪಡುತ್ತಾನೆ. ಇಡೀ ಆಸ್ಪತ್ರೆ ನನ್ನ ಒಂದು ಸೊಕ್ಕಿನ ಮಾತಿನ ಹಿಂದೆ ಅಡಗಿಕೊಳ್ಳುತ್ತದೆ. ಟವೆಲ್ಲು ಫೋನಿನ ಮೇಲೇ ಇರುತ್ತದೆ. ಹೇಳದಿದ್ದರೆ ಆ ಹುಡುಗಿ ಹೋಗುತ್ತಾಳೆ. ಎಲ್ಲವನ್ನೂ ಹೇಳುತ್ತೇನೆ, ಮೊದಲು ನನ್ನದು, ಆಮೇಲೆ ಅವರದು. ಆದರೆ ನನ್ನ ಬಾಯಿಯನ್ನು ನಾನೇ ನಂಬುತ್ತಿಲ್ಲ. ನೀನು ಬಾ. ಸಮಿತಿಯ ಕೋಣೆಯಲ್ಲಿ ನನ್ನ ಪಕ್ಕದಲ್ಲಿ ಕೂರಬೇಡ, ಎದುರಿಗೆ ಕೂರು.